ನಕ್ಷೆ ಇದ್ದ ಮೇಲೆ ಹಗ್ಗ ಎಸೆಯುವವನು ಯಾಕೆ?

ಹಳೇ ಕರಾವಳಿ ಸ್ಟೀಮರುಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸಮುದ್ರದ ನಕ್ಷೆ ಇತ್ತಲ್ಲ, ಮತ್ತೆ ಸುಮ್ಮನೆ ಹಗ್ಗ ಎಸೀತಾ ನಿಲ್ಲೋಕೆ ಒಬ್ಬ ಖಲಾಸಿ ಯಾಕೆ?" ಆ 'ಸುಮ್ಮನೆ' ಕಿವಿಗೆ ಬಿದ್ದರೆ ನನಗೆ ಸಿಟ್ಟು ಬರುತ್ತದೆ. ಹಡಗಿನ ಆ ಕೆಲಸಗಾರ ಎಸೆಯುತ್ತಿದ್ದದ್ದು ನೀರಿನ ಆಳ ಅಳೆಯುವ ಹಗ್ಗ.

ನಕ್ಷೆಯಲ್ಲಿರುವುದು ಅಳೆದ ದಿನದ ಆಳ. ಅಳಿವೆಯ ಮರಳು ಅದಕ್ಕೆ ಕಾದು ಕೂರುವುದಿಲ್ಲ. ನೇತ್ರಾವತಿ–ಗುರುಪುರ ನದಿಗಳ ಬಾಯಿಯನ್ನೇ ನೋಡಿ, ಒಂದು ಮಳೆಗಾಲ ಕಳೆದರೆ ದಿಬ್ಬ ಸರಿದಿರುತ್ತದೆ. ಮೇಲಿಂದ ಉಬ್ಬರ ಇಳಿತ ಬೇರೆ. ಡೆಕ್ಕಿನ ತುಂಬ ಜನ ಇರುವಾಗ ಹಳೇ ಕಾಗದ ನಂಬಿ ಮುಂದೆ ಹೋಗುತ್ತೀರಾ?

ಇನ್ನು ಆ 'ಸುಮ್ಮನೆ'. ಹಗ್ಗದ ತುದಿಯಲ್ಲಿ 7ರಿಂದ 14 ಪೌಂಡಿನ ಸೀಸ. ಹಗ್ಗ ಸುಮಾರು 25 ಮಾರು, ಮಾರಿಗೆ 6 ಅಡಿ. ಖಲಾಸಿ ಹಡಗಿನ ಬದಿಯಿಂದ ಹೊರಗೆ ಚಾಚಿದ ಹಲಗೆಯ ಮೇಲೆ, ಎದೆಗೆ ಕ್ಯಾನ್ವಾಸ್ ಪಟ್ಟಿಯ ಆಸರೆ ಕೊಟ್ಟು ನಿಲ್ಲುತ್ತಾನೆ. ಎರಡು ಮಾರಿನಷ್ಟು ಹಗ್ಗ ಇಳಿಬಿಟ್ಟು ಸೀಸವನ್ನು ಹಿಂದೆ ಮುಂದೆ ತೂಗಿ, ತಲೆಯ ಮೇಲೆ ಸುತ್ತು ಬೀಸಿ ಹಡಗಿನ ಮುಂದಕ್ಕೆ ಎಸೆಯುತ್ತಾನೆ. ಹಡಗು ಸಾಗಿ ಹಗ್ಗ ನೆಟ್ಟಗೆ ನಿಂತ ಕ್ಷಣದಲ್ಲಿ ಸೀಸ ತಳ ಮುಟ್ಟಿರಬೇಕು. ಆಗಲೇ ಆಳ ಕೂಗಬೇಕು. ವೇಗ ಹೆಚ್ಚಾದರೆ ಹಗ್ಗ ಓರೆಯಾಗಿ, ಇಲ್ಲದ ಆಳ ತೋರಿಸುತ್ತದೆ. ಜೀವ ತೆಗೆಯುವ ತಪ್ಪು ಅದೇ.

ಆಳ ಓದಲು ಹಗ್ಗಕ್ಕೆ ಕಟ್ಟುತ್ತಿದ್ದ ಗುರುತುಗಳು ಬ್ರಿಟಿಷ್ ಪದ್ಧತಿಯಲ್ಲಿ ಹೀಗೆ: 2 ಮಾರಿಗೆ ಎರಡು ತೊಗಲಿನ ಪಟ್ಟಿ, 3ಕ್ಕೆ ಮೂರು, 5ಕ್ಕೆ ಬಿಳಿ ಹತ್ತಿಬಟ್ಟೆ, 7ಕ್ಕೆ ಕೆಂಪು ಬಾವುಟದ ಬಟ್ಟೆ, 10ಕ್ಕೆ ತೂತಿರುವ ತೊಗಲು, 13ಕ್ಕೆ ನೀಲಿ ಉಣ್ಣೆ; 15, 17ಕ್ಕೆ ಮತ್ತೆ ಬಿಳಿ, ಕೆಂಪು; 20ಕ್ಕೆ ಎರಡು ಗಂಟು. ಬಣ್ಣ ಹಗಲಿಗೆ. ಕತ್ತಲಲ್ಲಿ ಬಟ್ಟೆಯ ಬಗೆಯನ್ನು ಬೆರಳೇ ಹೇಳಬೇಕು, ಬೆರಳು ಮರಗಟ್ಟಿದರೆ ತುಟಿ. ರಾತ್ರಿ ಗುರುತು ಓದುವುದು ನೀರಿನ ಮಟ್ಟದಲ್ಲಲ್ಲ, ಕೈಯಲ್ಲಿ. ಹಾಗಾಗಿ ಕೈಯಿಂದ ನೀರಿಗಿರುವ ಎತ್ತರ ಕಳೆದು ಕೂಗಬೇಕು. ಮರೆತರೆ ಹಡಗು ನೆಲ ಕಚ್ಚುತ್ತದೆ. ಗುರುತು ಕಟ್ಟುವ ಮೊದಲು ಹಗ್ಗ ನೆನೆಸಿ, ಚೆನ್ನಾಗಿ ಎಳೆದಿರಬೇಕು. ಒಣ ಹಗ್ಗಕ್ಕೆ ಕಟ್ಟಿದ ಅಳತೆ ನೀರಿಗಿಳಿದ ಮೇಲೆ ಅಳತೆಯಾಗಿ ಉಳಿಯುವುದಿಲ್ಲ. ಸೀಸದ ಉದ್ದವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕೂಗಿದ್ದಕ್ಕಿಂತ ನಿಜವಾದ ಆಳ ತುಸು ಹೆಚ್ಚೇ ಇರಲಿ ಎಂದು. ಇಂಥ ಎಚ್ಚರಿಕೆ ಕಂಡರೆ ನನಗೆ ಕೈಮುಗಿಯಬೇಕೆನಿಸುತ್ತದೆ.

ಆದರೆ "ಸೀಸದ ಬುಡದಲ್ಲಿ ಗುಳಿ ಯಾಕೆ?" ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ. ಆ ಗುಳಿಗೆ ದನದ ಕೊಬ್ಬು ಮೆತ್ತುತ್ತಿದ್ದರು. ಮೇಲೆ ಬಂದಾಗ ಮರಳೋ ಕೆಸರೋ ಒಡೆದ ಚಿಪ್ಪೋ ಅಂಟಿರುತ್ತದೆ. ಏನೂ ಅಂಟದೆ ಬರೀ ತಗ್ಗು ಬಿದ್ದಿದ್ದರೆ ಕೆಳಗೆ ಬಂಡೆ. ಕೆಸರಾದರೆ ಲಂಗರು ಹಿಡಿಯುತ್ತದೆ. ಬಂಡೆಯಾದರೆ ಜಾರುತ್ತದೆ, ಇಲ್ಲವೇ ಸಿಕ್ಕಿಬಿದ್ದು ಮೇಲೇಳುವುದೇ ಇಲ್ಲ. ನಕ್ಷೆಯಲ್ಲಿ ಆಳದ ಅಂಕಿಯ ಪಕ್ಕದಲ್ಲಿ ತಳದ ಬಗೆಯನ್ನೂ ಬರೆದಿರುತ್ತಾರೆ. ಮಂಜು ಮುಸುಕಿ ದಡ ಕಾಣದಾಗ ಕೂಗಿದ ಆಳ, ಕೊಬ್ಬಿಗಂಟಿದ ಮಣ್ಣು ಎರಡನ್ನೂ ಅದರ ಜೊತೆ ತಾಳೆ ನೋಡಿಯೇ ಹಡಗು ಎಲ್ಲಿದೆ ಎಂದು ಅಂದಾಜು ಮಾಡುತ್ತಿದ್ದರು. ನಕ್ಷೆ ಇತ್ತಲ್ಲ ಎನ್ನುತ್ತೀರಿ. ಆ ನಕ್ಷೆಯ ಅಂಕಿಗಳನ್ನು ಮೊದಲು ತಂದುಕೊಟ್ಟಿದ್ದೂ ಇಂಥದ್ದೇ ಹಗ್ಗ, ಇಂಥದ್ದೇ ಸೀಸ.