ಪಾಪ ತಿನ್ನೋದು ಅಂದ್ರೆ ಏನು ಸಾರ್?

ಮೈಸೂರಲ್ಲಿ ನಮ್ಮ ಭಾನುವಾರದ ಬೈಬಲ್ ಕ್ಲಾಸಲ್ಲಿ ಹೋಶೇಯ ಅನ್ನೋ ಪ್ರವಾದಿಯ ಪುಸ್ತಕ ತೆಗೆದಾಗೆಲ್ಲ ಯಾರಾದ್ರೂ ಒಬ್ರು ಇದನ್ನ ಕೇಳೇ ಕೇಳ್ತಾರೆ. 4ನೇ ಅಧ್ಯಾಯದ 8ನೇ ವಚನದಲ್ಲಿ ಯಾಜಕರು ಜನರ ಪಾಪ ತಿಂತಾರೆ ಅಂತ ದೇವರು ಬೈತಾನಲ್ಲ, ಪಾಪ ಏನು ಬಾಡೂಟನಾ ತಿನ್ನೋಕೆ?

ಒಂಥರಾ ಬಾಡೂಟನೇ. ಹೀಬ್ರೂನಲ್ಲಿ ಪಾಪಕ್ಕೂ ಅದನ್ನ ಕಳ್ಕೊಳೋಕೆ ಕೊಡೋ ಬಲಿಗೂ ಒಂದೇ ಪದ. ಸಾಮಾನ್ಯ ಜನ ತಪ್ಪು ಮಾಡಿದ್ರೆ ಆಡೋ ಕುರಿಯೋ ತರಬೇಕು, ಕೊಬ್ಬು ಬಲಿಪೀಠಕ್ಕೆ, ಮಾಂಸ ಯಾಜಕನಿಗೆ, ಇದು ಯಾಜಕಕಾಂಡ 6ರಲ್ಲಿರೋ ರೂಲ್ಸೇ, ಕಳ್ಳತನ ಅಲ್ಲ. ಆದ್ರೆ ತಪ್ಪು ಜಾಸ್ತಿ ಆದಷ್ಟೂ ಮಾಂಸ ಜಾಸ್ತಿ ಬರುತ್ತೆ ಅಂದ್ಮೇಲೆ ತಪ್ಪು ಮಾಡ್ಬೇಡ್ರೋ ಅಂತ ಹೇಳೋನು ಯಾರು?

ಮದ್ದೂರು ಕಡೆ ನಮ್ಮ ತಾತನ ಊರಲ್ಲಿ ಪಂಚಾಯ್ತಿ ಸೇರಿಸಿ ತಪ್ಪುದಂಡ ಹಾಕೋರು, ಆ ದುಡ್ಡಲ್ಲೇ ಯಜಮಾನ್ರಿಗೆಲ್ಲ ಮುದ್ದೆ, ಬಾಡು. ಅದ್ರಲ್ಲೊಬ್ರು 'ಊರಲ್ಲಿ ಜಗಳ ಆಗಿ ಎರಡು ತಿಂಗಳಾಯ್ತಲ್ಲೋ' ಅಂತ ಬೇಜಾರ್ ಮಾಡ್ಕೊಂಡಿದ್ರಂತೆ! ಹೋಶೇಯ ಕ್ರಿ.ಪೂ. 8ನೇ ಶತಮಾನದಲ್ಲಿ ಬೈದಿದ್ದು ಇಂಥ ಬೇಜಾರನ್ನೇ.

ಕೆಲವರು ಇದಕ್ಕೆ 1 ಸಮುವೇಲ 2ರಲ್ಲಿ ಬರೋ ಯಾಜಕ ಏಲಿಯ ಮಕ್ಕಳು ಹೊಫ್ನಿ, ಫೀನೆಹಾಸರನ್ನ ತಂದು ಸೇರಿಸ್ತಾರೆ, ನಂಗೆ ಅದು ಬೇರೆ ಕೇಸು ಅನ್ಸುತ್ತೆ. ಮೂರು ಮುಳ್ಳಿನ ಕೊಂಡಿ ಹಿಡ್ಕೊಂಡು ಜನರ ಬಲಿಮಾಂಸ ಬೇಯೋ ಪಾತ್ರೆಗೇ ಕೈ ಹಾಕೋದು, ಕೊಡದಿದ್ರೆ ಬಲವಂತವಾಗಿ ಕಿತ್ಕೋತೀವಿ ಅನ್ನೋದು ನೇರ ದರೋಡೆ, ಯಾರಿಗಾದ್ರೂ ಕಾಣುತ್ತೆ. ಹೋಶೇಯ ಹೇಳಿದ್ದು ಮನಸ್ಸಿನೊಳಗಿನ ಆಸೆ, ಅದು ಲೆಕ್ಕದ ಪುಸ್ತಕದಲ್ಲೂ ಸಿಗಲ್ಲ. ಇನ್ನು ಪ್ರವಾದಿ ಮೀಕ 3:11ರಲ್ಲಿ ಬೈಯೋದು ನಾಯಕರು, ಯಾಜಕರು, ಪ್ರವಾದಿಗಳು ಎಲ್ರನ್ನೂ: ಲಂಚ ತಗೊಂಡು ತೀರ್ಪು, ಸಂಬಳಕ್ಕೆ ಬೋಧನೆ, ದುಡ್ಡಿಗೆ ಕಣಿ, ಇಷ್ಟೆಲ್ಲ ಮಾಡಿ ದೇವರು ನಮ್ಮ ಜೊತೆಗವನೆ ಅನ್ನೋ ಧೈರ್ಯ ಬೇರೆ.

'ಹಾಗಾದ್ರೆ ಕಾಣಿಕೆ ಹಾಕೋದೇ ಬಿಡೋದಾ?' ಅಂತ ಮೊನ್ನೆ ಒಬ್ರು ಆಂಟಿ ಕೇಳಿದ್ರು. ಬಿಡ್ಬೇಡಿ ಆಂಟಿ, 2 ಅರಸುಗಳು 12 ಓದಿ ಅಂದೆ. ಯೆಹೂದ ದೇಶದಲ್ಲಿ ಯೋವಾಷ ರಾಜ ಆಗಿ 23ನೇ ವರ್ಷಕ್ಕೂ, ಕಾಣಿಕೆ ದುಡ್ಡು ತಗೊಂಡೂ ಯಾಜಕರು ದೇವಾಲಯ ರಿಪೇರಿ ಮಾಡ್ಸಿರ್ಲಿಲ್ಲ, ಆಮೇಲೆ ಒಂದು ಪೆಟ್ಟಿಗೆ ಮುಚ್ಚಳಕ್ಕೆ ತೂತು ಕೊರೆದು ಬಲಿಪೀಠದ ಪಕ್ಕ ಇಟ್ರು, ತುಂಬಿದಾಗ ರಾಜನ ಲೇಖಕನೂ ಮಹಾಯಾಜಕನೂ ಇಬ್ರೂ ಕೂತು ಎಣಿಸೋರು. ಆಂಟಿ ಸ್ವಲ್ಪ ಯೋಚನೆ ಮಾಡಿ, ನಮ್ಮ ಚರ್ಚಲ್ಲಿ ಎಣಿಸೋವಾಗ ಎಷ್ಟು ಜನ ಕೂರ್ತಾರೆ ಸಾರ್ ಅಂದ್ರು.