ತೂಕಕ್ಕಿಂತ ತ್ರಾಣ

ನಸುಕಿನಲ್ಲಿ ಗೋಳಗುಮ್ಮಟದ ಆಸುಪಾಸಿನ ರಸ್ತೆಗಳಲ್ಲಿ ವಾಕಿಂಗ್ ಮಾಡುವವರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಎಷ್ಟು ಕೆಜಿ ಇಳದೀರಿ?” ತಿಂಗಳು ನಡೆದರೂ ತೂಕದ ಮುಳ್ಳು ಕದಲಲಿಲ್ಲವೆಂದು ಬೇಸತ್ತು ಮನೆಯಲ್ಲೇ ಉಳಿದುಬಿಟ್ಟವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಆ ಅವಧಿಯಲ್ಲಿ ಅವರ ಹೃದಯ, ಸ್ನಾಯು ಮತ್ತು ನಿದ್ರೆಗೆ ಆದ ಲಾಭವನ್ನು ಆ ಯಂತ್ರ ತೋರಿಸುವುದೇ ಇಲ್ಲ.

ಅದು ಮೂಳೆ, ಸ್ನಾಯು, ಕೊಬ್ಬು, ನೀರು ಎಲ್ಲವನ್ನೂ ಒಟ್ಟಾಗಿಯೇ ತೂಗುತ್ತದೆ. ದೇಹ ಕೂಡಿಟ್ಟುಕೊಳ್ಳುವ ಪ್ರತಿ ಗ್ರಾಂ ಗ್ಲೈಕೊಜನ್, ಅಂದರೆ ರೊಟ್ಟಿ-ಅನ್ನದಿಂದ ಬರುವ ಸಕ್ಕರೆಯ ದಾಸ್ತಾನು, ಸುಮಾರು 3 ಗ್ರಾಂ ನೀರನ್ನು ಹಿಡಿದಿಡುವುದರಿಂದ, ರೊಟ್ಟಿ-ಅನ್ನ ಬಿಟ್ಟವರಲ್ಲಿ ಆ ದಾಸ್ತಾನು ಖರ್ಚಾಗಿ ತೂಕ ಮೊದಲ ವಾರ ಸರ್ರನೆ ಇಳಿಯುವುದರಲ್ಲಿ ಬಹುಪಾಲು ನೀರಿನದೇ.

ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಲೆಕ್ಕ ಹಾಕುವ ಬಿಎಂಐ ಕೂಡ ಎಲ್ಲವನ್ನೂ ಹೇಳುವುದಿಲ್ಲ. 2004ರಲ್ಲಿ ಪುಣೆಯ ಮಧುಮೇಹ ತಜ್ಞ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಅವರು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ 22.3, ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರಿಗೂ ನಮ್ಮೂರಲ್ಲಿ ಸಕ್ಕರೆ ಕಾಯಿಲೆ ಬರುವುದು ಏಕೆಂದು ಇದರಿಂದ ತಿಳಿಯುತ್ತದೆ. ಆದ್ದರಿಂದ ಅಳೆಯಲೇಬೇಕೆಂದರೆ ದರ್ಜಿಯ ಟೇಪಿನಿಂದ ಸೊಂಟದ ಸುತ್ತಳತೆ ನೋಡಿಕೊಳ್ಳಿ. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಎಚ್ಚರಿಕೆಯ ಗೆರೆ.

ತ್ರಾಣ ತಿಳಿಯಲು ಗುಮ್ಮಟದ ಮೂಲೆಯ ಏಳಂತಸ್ತಿನ ಮಿನಾರು ಸಾಕು. ಇಕ್ಕಟ್ಟಾದ ಕಲ್ಲಿನ ಮೆಟ್ಟಿಲುಗಳನ್ನು ಸುತ್ತುತ್ತ ಹತ್ತುವಾಗ ಮೊದಮೊದಲು ಅಂತಸ್ತಿಗೊಮ್ಮೆ ಗೋಡೆಗೆ ಕೈ ಕೊಟ್ಟು ನಿಲ್ಲುತ್ತಿದ್ದವರು, ತಿಂಗಳುಗಳ ನಡಿಗೆಯ ನಂತರ ನಡುವೆ ಒಮ್ಮೆ ಮಾತ್ರ ನಿಂತು ಮೇಲೆ ತಲುಪಿದರೆ, ತೂಕ ಅಷ್ಟೇ ಇದ್ದರೂ ದೇಹ ಬದಲಾಗಿದೆ ಎಂದೇ ಅರ್ಥ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತಿದವನಿಗೆ ಜನ ಶಿಳ್ಳೆ ಹೊಡೆಯುತ್ತಾರೆಯೇ ಹೊರತು ಅವನ ತೂಕ ಕೇಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂತಹ ಚಟುವಟಿಕೆಯನ್ನೂ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳುತ್ತದೆ. ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು. ನಡಿಗೆಯ ವೇಗ ಅಷ್ಟಿರಲಿ. ಸ್ನಾಯು ಬಲಪಡಿಸುವ ಆ ಎರಡನೆಯ ಮಾತನ್ನು ನಮ್ಮಲ್ಲಿ ಹೆಚ್ಚಿನವರು ಮರೆಯುತ್ತಾರೆ, ಅದರಲ್ಲೂ ಮನೆಯ ಹಿರಿಯ ಹೆಂಗಸರ ವಿಷಯದಲ್ಲಿ. “ತೂಕ ಇಳಿಸು” ಎಂಬ ಮಾತು ಕೇಳಿ ಅವರು ರಾತ್ರಿ ಊಟ ಬಿಡುತ್ತಾರೆ. ವಯಸ್ಸಿನೊಡನೆ ಹೇಗೂ ಕರಗುವ ಸ್ನಾಯು ಆಗ ಇನ್ನೂ ಬೇಗ ಕರಗುತ್ತದೆ, ನೆಲದ ಮೇಲೆ ಕೂತು ರೊಟ್ಟಿ ಬಡಿದು ಏಳುವಾಗ ಕೈ ಆಸರೆ ಹುಡುಕುತ್ತದೆ. ಅವರಿಗೆ ಜೋಳದ ರೊಟ್ಟಿ, ಕಾಳು ಪಲ್ಯ, ಮೊಸರು ಹೊಟ್ಟೆ ತುಂಬ ಬಡಿಸಿ, ಖುರ್ಚಿಯಿಂದ ಕೈಯೂರದೆ ಎದ್ದು ಕೂರುವುದನ್ನು ವಾರಕ್ಕೆರಡು ದಿನವಾದರೂ ಮಾಡಿಸಿ. ಮೊಣಕಾಲು ನೋವಿದ್ದವರು ವೈದ್ಯರನ್ನು ಕೇಳಿಕೊಂಡು ಎತ್ತರದ ಖುರ್ಚಿಯಿಂದ ಆರಂಭಿಸಬಹುದು.