ಸೊಟ್ಟ ಕಿರೀಟ

ಜುಲೈ 13, 2025, ಭಾನುವಾರ. ಸಾಗರ

ಬೆಳಗಿನಿಂದ ಮಳೆ ಬಿಟ್ಟಿಲ್ಲ. ಮಧ್ಯಾಹ್ನ ಎರಡಕ್ಕೇ ಅಡುಗೆಮನೆಯಲ್ಲಿ ಕತ್ತಲು ಕವಿದಿತ್ತು, ಬೀಳುವ ಹನಿಯ ಫೋಟೋ ತೆಗೆಯಲು ನನಗೆ ಬೇಕಾಗಿದ್ದೂ ಅದೇ. ಊಟದ ಪಾತ್ರೆ ತೊಳೆದಿಟ್ಟು, ಕಟ್ಟೆಯ ಮೇಲೆ ಕಬ್ಬಿಣದ ದೊಡ್ಡ ಬಾಣಲೆ ಇಟ್ಟು ನೀರು ತುಂಬಿಸಿದೆ. ಔಷಧಿ ಅಂಗಡಿಯಿಂದ ತಂದ ಡ್ರಿಪ್ ಸೆಟ್ಟನ್ನು, ಅಂದರೆ ರೋಗಿಗಳಿಗೆ ಸಲೈನ್ ಹನಿಸುವ ನಳಿಕೆಯನ್ನು, ಮೇಲಿನ ಕಪಾಟಿನ ಹಿಡಿಗೆ ಕಟ್ಟಿದೆ. ಅದರ ಪುಟ್ಟ ಗಾಲಿಯನ್ನು ಹೆಬ್ಬೆರಳಿನಿಂದ ಉರುಳಿಸಿದರೆ ಹನಿ ಹೇಳಿದ ಮಾತು ಕೇಳುತ್ತದೆ. ನಲ್ಲಿಯನ್ನು ನಂಬಿ ಕಳೆದ ವಾರವೆಲ್ಲ ಹಾಳಾಗಿತ್ತು.

ಹನಿ ಬೀಳುವ ಜಾಗಕ್ಕೆ ಊದುಬತ್ತಿಯ ಕಡ್ಡಿ ಹಿಡಿದು, ಅದರ ತುದಿಗೆ ಫೋಕಸ್ ಮಾಡಿ, ಮತ್ತೆ ಲೆನ್ಸ್ ಮುಟ್ಟಲಿಲ್ಲ. ಹನಿ 40 ಸೆಂಟಿಮೀಟರ್ ಎತ್ತರದಿಂದ ಬರುತ್ತದೆ. ನೀರು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 2.8 ಮೀಟರ್. ಶಟರ್ 1/200 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಹನಿ 14 ಮಿಲಿಮೀಟರ್ ಸರಿದು ಬರೀ ಗೆರೆಯಾಗುತ್ತದೆ. ಹಾಗಾಗಿ ಅದನ್ನು ನಿಲ್ಲಿಸುವ ಕೆಲಸವೆಲ್ಲ ಫ್ಲ್ಯಾಶ್‌ನದು. ಅದರ ಶಕ್ತಿಯನ್ನು ಪೂರ್ತಿಯ 1/32ಕ್ಕೆ ಇಳಿಸಿದರೆ ಅದರ ಬೆಳಕು ಸುಮಾರು 1/20,000 ಸೆಕೆಂಡ್ ಮಾತ್ರ ಬಾಳುತ್ತದೆ. ಹೊಸಬರು ಫ್ಲ್ಯಾಶ್ ಶಕ್ತಿಯನ್ನು ಏರಿಸಿ ಸೋಲುವುದು ಇಲ್ಲಿಯೇ, ನಾನೂ ಹಾಗೆಯೇ ಸೋತಿದ್ದೆ.

ಫ್ಲ್ಯಾಶ್ ಬೆಳಕನ್ನು ನೇರ ನೀರಿಗೆ ಬಿಡದೆ ಹಿಂದೆ ಇಳಿಬಿಟ್ಟ ಅಮ್ಮನ ಹಳದಿ ಸೀರೆಗೆ ಬಿಟ್ಟೆ. ಒಂದು ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಉಸಿರು ನಿಂತಿತು. ಬೀಳುತ್ತಿರುವ ಹನಿಯೊಳಗೆ ಇಡೀ ಸೀರೆ ತಲೆಕೆಳಗಾಗಿ ಕುಳಿತಿತ್ತು, ಕೆಳಗಿದ್ದ ಕೆಂಪು ಅಂಚು ಹನಿಯ ನೆತ್ತಿಯ ಮೇಲೆ! ಸಾಸಿವೆಗಿಂತ ಸ್ವಲ್ಪ ದೊಡ್ಡ ಆ ನೀರೇ ಮಸೂರ.

ಬಾಣಲೆಯ ಆಳದ ನೀರಿನಲ್ಲಿ ಹನಿ ಬಿದ್ದ ಗುಂಡಿ ಮುಚ್ಚಿಕೊಳ್ಳುತ್ತಲೇ ನಡುವಿನಿಂದ ಕಂಬ ಏಳುತ್ತದೆ. ಹನಿ ಬಿದ್ದ ಸುತ್ತಲೂ ಮೊನೆಮೊನೆಯಾಗಿ ಚಿಮ್ಮುವ ಕಿರೀಟ ಬೇಕೆಂದರೆ ತೆಳ್ಳಗಿನ ಪದರ ಬೇಕು. ಅಮ್ಮನಿಂದ ಒಂದು ಲೋಟ ಹಾಲು ಕೇಳಿ ಪಡೆದು, ಸ್ವಲ್ಪ ತಟ್ಟೆಯಲ್ಲಿ ಹರಡಿ, ಉಳಿದದ್ದನ್ನು ಹನಿಗೆ ಇಟ್ಟುಕೊಂಡೆ. ನಡುವಿನಿಂದ ಏಳುವ ಆ ಕಂಬಕ್ಕೆ ಇಂಗ್ಲೆಂಡಿನ ಭೌತವಿಜ್ಞಾನಿ ಆರ್ಥರ್ ವರ್ದಿಂಗ್ಟನ್ ಅವರ ಹೆಸರೇ ಇದೆ. ಕತ್ತಲ ಕೋಣೆಯಲ್ಲಿ ವಿದ್ಯುತ್ ಕಿಡಿ ಹಾರಿಸಿ, ಆ ಕ್ಷಣದಲ್ಲಿ ಕಣ್ಣಿಗೆ ಕಂಡದ್ದನ್ನು ಅವರು ಕೈಯಿಂದ ಚಿತ್ರಿಸುತ್ತಿದ್ದರು. ಆ ಚಿತ್ರಗಳಲ್ಲಿ ಕಿರೀಟದ ಮೊನೆಗಳೆಲ್ಲ ಅಳತೆಯಿಟ್ಟಂತೆ ಸಮ. 1890ರ ದಶಕದಲ್ಲಿ ಕಿಡಿಯ ಬೆಳಕಲ್ಲೇ ಫೋಟೋ ತೆಗೆದಾಗ ಗೊತ್ತಾಯಿತು, ನಿಜವಾದ ಕಿರೀಟಗಳು ಸೊಟ್ಟ. ಇಷ್ಟು ವರ್ಷ ಕಣ್ಣು ತನಗೆ ಬೇಕಾದ ಸಮತೆಯನ್ನು ತಾನೇ ತುಂಬಿಕೊಂಡಿತ್ತು.

ಸಂಜೆಯವರೆಗೆ 400ಕ್ಕೂ ಹೆಚ್ಚು ಚಿತ್ರ ತೆಗೆದೆ, ಉಳಿಸಿಕೊಂಡದ್ದು 6. ಅವುಗಳಲ್ಲಿ ಬಹುತೇಕ ಗುಂಡಗಿರುವ ಒಂದನ್ನು ಮೊದಲು ಆರಿಸಿದ್ದೆ. ಆಮೇಲೆ ಮನಸ್ಸು ಇನ್ನೊಂದಕ್ಕೆ ತಿರುಗಿತು. ಅದರ ಎಡಗಡೆಯ ಗೋಡೆ ಕುಸಿದಿದೆ, ಬಲಗಡೆ ಮೂರು ಮೊನೆ ಉದ್ದಕ್ಕೆ ಚಾಚಿವೆ, ಒಂದರ ತುದಿಯಿಂದ ಹಾಲಿನ ಮುತ್ತು ಆಗಷ್ಟೇ ಕಳಚುತ್ತಿದೆ. ಕಳಚುವ ಆ ಎಳೆ ಕೂದಲಿಗಿಂತ ತೆಳು. ಅಮ್ಮನಿಗೆ ಎರಡನ್ನೂ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ‘ಇದು ಇನ್ನೂ ಬೀಳುತ್ತಲೇ ಇದೆಯಲ್ಲ’ ಎಂದು ಸೊಟ್ಟದ್ದನ್ನೇ ತೋರಿಸಿದಳು. ಅದನ್ನೇ ಇಲ್ಲಿ ಹಾಕಿದ್ದೇನೆ.

ಏಳುತ್ತಿರುವ ಕಂಬದ ತಲೆಗೆ ಎರಡನೆಯ ಹನಿ ಬಡಿದು ಅಣಬೆಯಂತೆ ಹರಡುವುದು ಇನ್ನೂ ಕೈಗೆ ಸಿಕ್ಕಿಲ್ಲ. ಎರಡು ಹನಿಗಳ ನಡುವಿನ ಬಿಡುವು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಿರಬೇಕು. ಗಾಲಿಯನ್ನು ಕೂದಲೆಳೆಯಷ್ಟು ಹೆಚ್ಚು ತಿರುಗಿಸಿದರೆ ಧಾರೆಯೇ ಆಗಿಬಿಡುತ್ತದೆ. ಬೆಳಿಗ್ಗೆ ದೋಸೆಗೆ ಕಟ್ಟೆ ಬೇಕೆಂದು ಅಮ್ಮ ಹೇಳಿದ್ದಾಳೆ. ಬಾಣಲೆ, ತಟ್ಟೆ ತೆಗೆದಿಟ್ಟಿದ್ದೇನೆ. ಡ್ರಿಪ್ ಸೆಟ್ ಮಾತ್ರ ಹಿಡಿಗೆ ಹಾಗೆಯೇ ತೂಗುತ್ತಿದೆ.